ಸಂಪರ್ಕಕ್ಕೆ ಸಿಗಲಿಲ್ಲ ಎಂದು ಬರೆದ ಭಾನುವಾರ

ಕೋವಿಡ್ ಮುಗಿದ ಮರುವರ್ಷ ನಾನು ತಿಪಟೂರಿನಲ್ಲಿ ಜಿಲ್ಲಾ ದಿನಪತ್ರಿಕೆಯೊಂದರ ವರದಿಗಾರನಾಗಿದ್ದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕುಗಳ ಸುದ್ದಿಗೆ ನಾನೊಬ್ಬನೇ. ಕೊಬ್ಬರಿ ಹರಾಜಿನ ಧಾರಣೆ ತಪ್ಪದೆ ಕಳಿಸಬೇಕು, ಉಳಿದದ್ದು ಸಿಕ್ಕಿದಂತೆ.

ಹಂದನಕೆರೆ ಕಡೆಯ ಒಂದು ಹಳ್ಳಿಯಲ್ಲಿ ಮಿಜೋರಾಂನಿಂದ ಬಂದ ಮಿಷನರಿ ದಂಪತಿ ಬಾಡಿಗೆಗಿದ್ದರು. ಗಂಡ ಲಾಲ್ರಿನಾ, ಹೆಂಡತಿ ಮಾವಿ. ಬಂದ ವರ್ಷ ಅಂಗಡಿಯವರು ಅವರನ್ನು ನೇಪಾಳದವರೆಂದು ಕರೆಯುತ್ತಿದ್ದರಂತೆ. ನಾಲ್ಕನೆಯ ವರ್ಷಕ್ಕೆ ಇಬ್ಬರೂ ಆ ಊರಿನ ಕನ್ನಡವನ್ನೇ ಆಡುತ್ತಿದ್ದರು. ಭಾನುವಾರದ ಪ್ರಾರ್ಥನೆಗೆ ಬರುತ್ತಿದ್ದವರು ಆರೇಳು ಮಂದಿ, ಎಲ್ಲರೂ ಹೊರಗಿನಿಂದ ಕೆಲಸಕ್ಕೆ ಬಂದ ಕ್ರೈಸ್ತರು. ಕ್ರಿಸ್‌ಮಸ್ ಸುದ್ದಿಗೆಂದು ಒಮ್ಮೆ ಅವರ ಮನೆಗೆ ಹೋಗಿ ಚಹಾ ಕುಡಿದು ಬಂದಿದ್ದೆ. ಪ್ರಾರ್ಥನೆ ಹತ್ತರಿಂದ ಹನ್ನೆರಡರವರೆಗೆ, ಆಗ ಫೋನು ಮುಟ್ಟುವುದಿಲ್ಲ ಎಂದು ಆಗಲೇ ಹೇಳಿದ್ದರು.

ಒಂದು ಭಾನುವಾರ ಬೆಳಿಗ್ಗೆ ನನ್ನ ವಾಟ್ಸ್ಆ್ಯಪ್‌ಗೆ ಒಂದು ಫೋಟೊ ಬಂತು. ಊರಿನ ಹೆಂಗಸರು ತಲೆ ಮೇಲೆ ಸೆರಗು ಹೊದ್ದು ನಿಂತಿದ್ದರು. ನಡುವೆ ಲಾಲ್ರಿನಾ ಕಣ್ಣು ಮುಚ್ಚಿ ಕೈ ಎತ್ತಿದ್ದರು. ಮತಾಂತರ ಮಾಡುತ್ತಿದ್ದಾರೆಂದು ಕೆಲವರು ಠಾಣೆಗೆ ಕೊಟ್ಟ ದೂರಿನ ಪ್ರತಿಯೂ ಜೊತೆಗಿತ್ತು. ಡೆಸ್ಕ್‌ನಿಂದ ಎಂದಿನ ಪ್ರಶ್ನೆ ಬಂತು: “ಆ ಕಡೆಯವರ ಮಾತು ತಗೊಂಡ್ರಾ?”

ಆರೋಪಕ್ಕೆ ಒಳಗಾದವರ ಮಾತಿಲ್ಲದೆ ಸುದ್ದಿ ಹಾಕಬಾರದೆಂಬುದು ನಮ್ಮ ನಿಯಮ. ಅವರು ಸಿಗದಿದ್ದರೆ ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಬರೆದರೆ ಸಾಕು. ನಾನು ಹತ್ತೂವರೆಗೆ ಎರಡು ಸಲ ಕರೆ ಮಾಡಿದೆ. ಬೈಕಿನಲ್ಲಿ ಹೋಗಿದ್ದರೆ ಮುಕ್ಕಾಲು ಗಂಟೆಯ ದಾರಿ, ಹೋಗಲಿಲ್ಲ. ‘ಎರಡು ಸಲ ಕರೆ ಮಾಡಿದರೂ ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಬರೆದು ಕಳಿಸಿದೆ. ಸೋಮವಾರ ಸುದ್ದಿ ಫೋಟೊ ಸಮೇತ ಮೂರು ಕಾಲಂನಲ್ಲಿ ಬಂತು.

ಮಂಗಳವಾರ ಮನೆ ಮಾಲೀಕ ಅವರಿಗೆ ಜಾಗ ಖಾಲಿ ಮಾಡಲು ಹೇಳಿದ್ದಾನೆಂದು ತಿಳಿಯಿತು. ಅದೂ ಒಂದು ಸುದ್ದಿಯೇ ಎಂದುಕೊಂಡು ಹೋದೆ. ಮಾಲೀಕನ ತಾಯಿ ಗಂಗಮ್ಮ ಜಗಲಿಯಲ್ಲಿ ಕೂತಿದ್ದರು. ಫೋಟೊದಲ್ಲಿ ಮುಂದಿನ ಸಾಲಿನಲ್ಲಿದ್ದವರು ಅವರೇ.

“ಪೇಪರ್‌ನೋನು ನೀನೇ ಏನಪ್ಪ? ನನ್ ಪಟ ಹಾಕ್ದೆ, ನನ್ನೇ ಒಂದು ಮಾತು ಕೇಳ್ಬಾರ್ದಿತ್ತಾ?”

ನಾನು ದೂರಿನ ವಿಷಯ ತೆಗೆದೆ.

“ದೂರು ಕೊಟ್ಟೋರು ಅಲ್ಲಿದ್ರಾ? ಆ ಮಾವಿ ಹುಡುಗಿಗೆ ಏಳು ತಿಂಗ್ಳು ತುಂಬಿ ಎಂಟ್ರಲ್ಲಿ ಬಿದ್ದೈತೆ. ಅವರವ್ವ ಅಷ್ಟು ದೂರದಿಂದ ಬರಕ್ಕಾಗ್ಲಿಲ್ಲ. ಮೊನ್ನೆ ಶುಕ್ರವಾರ ನಾನೇ ಮಡಿಲಕ್ಕಿ ತುಂಬ್ದೆ ಕಣಪ್ಪ. ಕುಂಕುಮ ಬ್ಯಾಡ ಅಜ್ಜಿ ಅಂದ್ಲು, ಬುಡು ಅಂತ ಅಕ್ಕಿ, ಕಾಯಿ, ಬೆಲ್ಲ, ರವಿಕೆ ಕಣ ಅಷ್ಟೇ ಇಟ್ಟೆ. ಅವಳ ಗಂಡ ಅವರ ದೇವ್ರನ್ನ ನೆನ್ಕೊಂಡ, ನಾವು ಸೆರಗು ಹೊದ್ಕೊಂಡ್ವಿ. ದೇವ್ರು ಅಂದ್ಮೇಲೆ ಹೊದ್ಕೊಳ್ದೆ ಬರಿದಲೇಲಿ ನಿಂತ್ಕೊಳಕ್ಕಾಯ್ತದಾ?”

ಒಳಗೆ ಮಾವಿ ನೆಲದ ಮೇಲೆ ಕೂತು ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದರು. ನನ್ನತ್ತ ನೋಡಲಿಲ್ಲ. ಹೆರಿಗೆ ಇದೇ ಮನೆಯಲ್ಲಿದ್ದುಕೊಂಡೇ ಆಗಬೇಕೆಂದು ಇಬ್ಬರೂ ಊರಿಗೆ ಹೋಗುವುದನ್ನು ಬಿಟ್ಟಿದ್ದರು. ಮಡಿಲಕ್ಕಿ ಒಪ್ಪಿಕೊಂಡದ್ದೇಕೆ ಎಂದು ಅವರ ಚರ್ಚ್ ಸಭೆಯ ಹಿರಿಯರೂ ನನ್ನ ವರದಿಯಿಂದಾಗಿ ನಡೆದದ್ದು ತಿಳಿದು ವಿವರಣೆ ಕೇಳಿದ್ದರಂತೆ.

ಲಾಲ್ರಿನಾ ಹೊರಗೆ ಬಂದರು. “ನಿಮಗೆ ಫೋನ್ ಮಾಡಿದ್ದೆ, ನೀವು ತೆಗೀಲಿಲ್ಲ” ಎಂದೆ.

“ಮಾಡಿದ್ರಿ ಸಾರ್, ಹತ್ತೂವರೆಗೆ. ಪ್ರಾರ್ಥನೆ ಮುಗಿಸಿ ನಾನೇ ಮಾಡ್ದೆ, ಮೂರು ಸಲ. ನೀವು ತೆಗೀಲಿಲ್ಲ.”

ಅದು ನಿಜ. ಮೂರು ಸಲವೂ ಫೋನು ನನ್ನ ಮೇಜಿನ ಮೇಲೆಯೇ ಇತ್ತು, ಅವರ ಹೆಸರು ಕಾಣುತ್ತಿತ್ತು. ತೆಗೆದಿದ್ದರೆ ಸುದ್ದಿ ಉಳಿಯುತ್ತಿರಲಿಲ್ಲ. ರಿಂಗ್ ನಿಲ್ಲುವವರೆಗೆ ನೋಡುತ್ತಾ ಕೂತಿದ್ದೆ.

ಹೊರಡುವಾಗ ಗಂಗಮ್ಮ ಅಂದರು: “ಮಡಿಲು ತುಂಬಿ ಹೆಣ್ಮಕ್ಕಳನ್ನ ತವರಿಗೆ ಕಳಿಸ್ತೀವಿ ಕಣಪ್ಪ. ಬೀದಿಗೆ ಕಳಿಸ್ದೋನು ನೀನೊಬ್ನೇಯ.”

ಆ ವಾರವೇ ಅವರು ಹೊರಟುಹೋದರು. ಪೊಲೀಸರಿಗೆ ದೂರಿನಲ್ಲಿ ಹುರುಳು ಕಾಣಲಿಲ್ಲ. ಮಗುವಿನ ವಿಷಯ ನನಗೆ ಗೊತ್ತಾಗಲಿಲ್ಲ. ಕೇಳುವ ಮುಖವೂ ಇರಲಿಲ್ಲ. ಬರೆದ ಪ್ರತಿ ಮಾತೂ ನಿಜವಾಗಿದ್ದು ಬರೆದವನು ಸುಳ್ಳುಗಾರನಾಗಿರಬಹುದು ಎಂಬುದನ್ನು ಈ ಕೆಲಸ ನನಗೆ ಕಲಿಸಿದ್ದು ಹೀಗೆ. ಸುದ್ದಿ ಬಂದ ನಾಲ್ಕು ದಿನದ ನಂತರ ಒಳಪುಟದಲ್ಲಿ ಒಂದು ಸ್ಪಷ್ಟನೆ ಹಾಕಿದೆವು. ಅದು ಮಡಿಲಕ್ಕಿ ಶಾಸ್ತ್ರವಾಗಿತ್ತೆಂದು ಅದರಲ್ಲಿತ್ತು. ಅವರು ಮೂರು ಸಲ ಕರೆ ಮಾಡಿದ್ದರೆಂದು ಇರಲಿಲ್ಲ. ಆ ಸ್ಪಷ್ಟನೆಯನ್ನು ಬರೆದವನೂ ನಾನೇ.