ಕೊಳ್ಳುವವರಿಲ್ಲದ ಬಾಂಡಿನ ಬೆಲೆ

ಮೊನ್ನೆ ಮೆಟ್ರೋದಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಕರ್ಚೀಫಿಗೆ ಎರಡು ತೊಟ್ಟು ನೀಲಗಿರಿ ಎಣ್ಣೆ ಹಾಕಿಕೊಂಡು ಮೂಗಿಗೆ ಹಿಡಿದರು. ಅಷ್ಟೇ ನೋಡಿ, ನಾನು ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ. ನೆಗಡಿ ಅವರಿಗೆ, ಸಂಕಟ ನನಗೆ! ಆ ವಾಸನೆ ನನ್ನ ಪಾಲಿಗೆ ಮಾರ್ಚ್ ತಿಂಗಳ ವಾಸನೆ, ನಮ್ಮ ಚೀಫ್ ಮೇಡಂ ವಾಸನೆ.

ಚಾಮರಾಜಪೇಟೆಯ ಒಂದು ಸಣ್ಣ ಸಹಕಾರಿ ಬ್ಯಾಂಕಿನ ಹೆಡ್ಡಾಫೀಸಿಗೆ ನಾನು ಕೆಲಸಕ್ಕೆ ಸೇರಿದಾಗ ಹೂಡಿಕೆ ವಿಭಾಗಕ್ಕೆ ಅವರೇ ಮುಖ್ಯಸ್ಥರು. ಶ್ರೀರಾಂಪುರದಿಂದ ಬಸ್ಸಲ್ಲಿ ಬರೋರು. ಹತ್ತಿ ಸೀರೆ, ಬಿಗಿಯಾದ ಜಡೆ, ಟೆನ್ಷನ್ ಆದರೆ ನೀಲಗಿರಿ ಎಣ್ಣೆ. ಜನರ ಠೇವಣಿಯಲ್ಲಿ ಒಂದು ಪಾಲನ್ನು ಬ್ಯಾಂಕು ಬಾಂಡುಗಳಲ್ಲಿ ಹಾಕಿರುತ್ತೆ. ಮಾರ್ಚ್ ಕೊನೆಗೆ ಒಂದೊಂದು ಬಾಂಡೂ ಎಷ್ಟು ಬೆಲೆ ಬಾಳುತ್ತೆ ಅಂತ ಅಂದಾಜು ಕಟ್ಟಬೇಕು. ಕೊಂಡಾಗಿನ ಬೆಲೆಯಲ್ಲ, ಇವತ್ತು ಮಾರಿದರೆ ಸಿಗೋ ನ್ಯಾಯವಾದ ಬೆಲೆ. ದಿನಾ ಕೈ ಬದಲಾಗೋ ಸರ್ಕಾರಿ ಬಾಂಡಿಗೆ ಕಷ್ಟವಿಲ್ಲ, ಪಟ್ಟಿ ನೋಡಿ ಬರೆದರಾಯಿತು. ಯಾರೂ ಕೊಳ್ಳದ, ಯಾರೂ ಮಾರದ ಬಾಂಡಿಗೆ? ಅಲ್ಲೇ ಬಂತು ಪ್ರಾಣಸಂಕಟ.

ಆ ವರ್ಷ ಅಂಥದ್ದೊಂದು ನಮ್ಮ ಕುತ್ತಿಗೆಗೆ ಬಂದಿತ್ತು. ಮನೆ ಸಾಲ ಕೊಡೋ ಒಂದು ಕಂಪನಿಯ ಬಾಂಡು. ಬಡ್ಡಿಯೇನೋ ಸರಿಯಾಗಿ ಬರುತ್ತಿತ್ತು, ಆದರೆ ಕಂಪನಿ ಅಲ್ಲಾಡ್ತಿದೆ ಅಂತ ಗುಸುಗುಸು. ನಮ್ಮ ಬ್ಯಾಂಕಿನ ಗಾತ್ರಕ್ಕೆ ಅದು ದೊಡ್ಡ ಮೊತ್ತವೇ. ಬೆಲೆ ಇಳಿಸಿ ಬರೆದರೆ ವರ್ಷದ ಲಾಭವೆಲ್ಲ ತೊಳೆದುಹೋಗುತ್ತೆ. ಮೇಡಂಗೆ ಏಪ್ರಿಲ್‌ನಲ್ಲಿ ಜನರಲ್ ಮ್ಯಾನೇಜರ್ ಆಗೋದು ಬಾಕಿ ಇತ್ತು. ಅದಕ್ಕೆ ಸಹಿ ಹಾಕಬೇಕಾದವರು ಎಂ.ಡಿ., ಆ ಬಾಂಡು ಕೊಂಡವರೂ ಅವರೇ... ಇನ್ನೇನು ಹೇಳಲಿ.

ಮೂರು ಜನ ಬಾಂಡು ದಲ್ಲಾಳಿಗಳನ್ನ ವಿಚಾರಿಸು ಅಂತ ಮೇಡಂ ನನಗೆ ಹೇಳಿದರು. ನಾನು ಫೋನ್ ಮಾಡಿ, ಈ ಬಾಂಡಿಗೆ ಏನು ರೇಟು ಸಾರ್ ಅಂತ ಕೇಳಿದೆ. ಒಬ್ಬರು ತೊಂಬತ್ತೇಳು ಅಂದರು, ಇನ್ನಿಬ್ಬರು ತೊಂಬತ್ತೆಂಟು. ನೂರು ರೂಪಾಯಿ ಮುಖಬೆಲೆಗೆ ಅಷ್ಟು ಸಿಕ್ಕರೆ ಇನ್ನೇನು ಬೇಕು? ಸದ್ಯ ಬಚಾವಾದ್ವಿ ಅಂತ ಹಿಗ್ಗಿ ಹೀರೇಕಾಯಿಯಾಗಿ ಹೋಗಿ ಹೇಳಿದೆ.

ಮೇಡಂ ನಗಲಿಲ್ಲ. ಅದೇ ದಲ್ಲಾಳಿಗಳಲ್ಲಿ ಮೊದಲನೆಯವರಿಗೆ ತಾವೇ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದರು. ಆತ ಮುಂಬೈಯಲ್ಲಿ ಕೂತ ಮಂಗಳೂರಿನವರು, ಕನ್ನಡ ಬರುತ್ತಿತ್ತು.

"ನಾವು ಮಾರ್ತಾ ಇದೀವಿ ಸಾರ್. ನೀವು ಹೇಳಿದ ರೇಟಿಗೇ ತಗೊಂಡ್ಬಿಡಿ."

ಆ ಕಡೆಯಿಂದ, "ಅಯ್ಯೋ ಮೇಡಂ, ಅದು ಸುಮ್ಮನೆ ನಿಮ್ಮ ಲೆಕ್ಕದ ಪುಸ್ತಕಕ್ಕೆ ಅಂತ ಹೇಳಿದ್ದಲ್ವಾ? ಕೊಳ್ಳೋದಾದ್ರೆ ಮಾತೇ ಬೇರೆ."

"ಬೇರೆ ಅಂದ್ರೆ ಎಷ್ಟು?"

ಎಪ್ಪತ್ತು, ತುಂಬಾ ಎಳೆದಾಡಿದರೆ ಎಪ್ಪತ್ತೆರಡು. ಎರಡನೆಯ ದಲ್ಲಾಳಿಯೂ ಫೋನಿನಲ್ಲಿ ಆ ಬೆಲೆಗೇ ಬಂದು ನಿಂತರು. ಮೂರನೆಯವರು ಫೋನೇ ಎತ್ತಲಿಲ್ಲ. ಮೇಡಂ ಆಡಿದ್ದು ನಾಟಕ ಅಂದುಕೋಬೇಡಿ, ತೊಂಬತ್ತೇಳಕ್ಕೆ ಹೂಂ ಅಂದಿದ್ದರೆ ಒಂದಿಷ್ಟನ್ನ ಅವತ್ತೇ ಮಾರೋ ಅಧಿಕಾರ ಅವರಿಗಿತ್ತು. ಅವರು ಕರ್ಚೀಫಿಗೆ ನೀಲಗಿರಿ ಎಣ್ಣೆ ಹಾಕಿ ಮೂಗಿಗೆ ಹಿಡಿದರು. ಆಮೇಲೆ ಎಪ್ಪತ್ತೆರಡು ಅಂತ ಬರೆದರು.

ಎಂ.ಡಿ. ಕೋಣೆಗೆ ನನ್ನನ್ನೂ ಕರೆದುಕೊಂಡು ಹೋದರು. ಎಂ.ಡಿ. ಕೆಟ್ಟ ಮನುಷ್ಯರೇನಲ್ಲ, ಅವರಿಗೂ ದಿಗಿಲು. "ಈಗ ಮಾರು ಅಂತ ಯಾರಮ್ಮ ಹೇಳಿದ್ರು? ನೀವು ಹಿಂಗೆ ಬರೆದ್ರೆ ಊರೆಲ್ಲ ಸುದ್ದಿಯಾಗಿ ನಾಳೆ ಬಾಗಿಲಲ್ಲಿ ಕ್ಯೂ ನಿಲ್ತಾರೆ. ತೊಂಬತ್ತೈದಾದ್ರೂ ಮಾಡಿ." ಆ ಮಾತು ನನಗೆ ಸರಿ ಅಂತಲೇ ಅನ್ನಿಸಿತು, ಈಗಲೂ ಪೂರ್ತಿ ತಪ್ಪು ಅಂತ ಹೇಳಲಾರೆ. ಮೇಡಂ ಅಂದಿದ್ದು ಇಷ್ಟೇ: "ಜ್ವರ ಎಷ್ಟಿದೆ ಅಂತ ಕೇಳಿದ್ರೆ ಇರೋದನ್ನೇ ಹೇಳ್ಬೇಕಲ್ವಾ ಸಾರ್." ಕರ್ಚೀಫು ಮುಷ್ಟಿಯೊಳಗೇ ಇತ್ತು. ಆಡಿಟರು ಅವರ ಲೆಕ್ಕವನ್ನೇ ಒಪ್ಪಿಕೊಂಡರು.

ಕ್ಯೂ ನಿಂತೇ ನಿಂತಿತು... ನಷ್ಟ ಅಂತ ಸುದ್ದಿ ಹಬ್ಬಿದ್ದೇ ತಡ, ರಿಟೈರಾದ ಮೇಷ್ಟ್ರುಗಳು, ಹೂವು ಮಾರೋ ಹೆಂಗಸರು, ಕೈಯಲ್ಲಿ ಠೇವಣಿ ರಶೀದಿ. ಮೇಡಂ ಮಹಡಿಯಿಂದ ಇಳಿದು ಹೋಗಿ ಕೌಂಟರ್ ಪಕ್ಕದಲ್ಲೇ ನಿಂತುಬಿಟ್ಟರು. "ಇದೆಯೇನಮ್ಮಾ ನಮ್ಮ ದುಡ್ಡು?" ಅಂತ ಒಬ್ಬ ಅಜ್ಜಿ ಅವರ ಕೈ ಹಿಡಕೊಂಡರು. "ಇದೆ, ಬನ್ನಿ ಅಜ್ಜಿ" ಅಂದರು, ತುಟಿ ಒಣಗಿ ಬಿಳಚಿಕೊಂಡಿತ್ತು. ಇದ್ದ ಸರ್ಕಾರಿ ಬಾಂಡೆಲ್ಲ ಮಾರಿ ಕೇಳಿದವರಿಗೆಲ್ಲ ಕೊಟ್ಟಿದ್ದಾಯಿತು, ಒಂದು ವಾರದಲ್ಲಿ ಕ್ಯೂ ಕರಗಿತು. ಜನರಲ್ ಮ್ಯಾನೇಜರ್ ಬೇರೊಬ್ಬರಾದರು. ಮೇಡಂನ ಓಕಳಿಪುರಂ ಶಾಖೆಗೆ ಹಾಕಿದರು.

ಎರಡು ವರ್ಷ ಕಳೆದ ಮೇಲೆ ಏನಾಯಿತು ಗೊತ್ತಾ? ಆ ಕಂಪನಿ ನೂರಕ್ಕೆ ನೂರು ವಾಪಸ್ ಕೊಟ್ಟಿತು! ಹೆಡ್ಡಾಫೀಸಿನಲ್ಲಿ ಮೈಸೂರುಪಾಕು ಹಂಚಿದರು. ಆ ಮಹಾತಾಯಿ ಸುಮ್ಮಸುಮ್ಮನೆ ಊರಿಗೆಲ್ಲ ಹೆದರಿಕೆ ಹುಟ್ಟಿಸಿದಳು ಅಂತ ಎಲ್ಲರ ಬಾಯಲ್ಲೂ ಅದೇ ಮಾತು. ಅವತ್ತಿನ ಬೆಲೆ ಅವತ್ತಿಗೆ ಸರಿಯಾಗೇ ಇತ್ತು ಕಣ್ರೀ ಅಂತ ನಾನು ಜಗಳಕ್ಕೆ ನಿಂತೆ, ಯಾರು ಕೇಳ್ತಾರೆ! ಈ ಸುದ್ದಿ ಓಕಳಿಪುರಂಗೆ ಮುಟ್ಟಿದಾಗ ಅವರಿಗೆ ಹೇಗಾಗಿರಬೇಡ ಅಂತ ನೆನೆಸಿಕೊಂಡು ನನಗೆ ಊಟ ಸೇರಲಿಲ್ಲ. ಆ ವರ್ಷವೇ ಅವರು ರಿಟೈರಾದರು, ನಾನು ಬೇರೆ ಬ್ಯಾಂಕು ಸೇರಿದೆ.

ಮೆಟ್ರೋದಿಂದ ಇಳಿದವಳೇ ಅವರ ಹಳೇ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ತಂಗಿ. ಮೇಡಂ ಹೋಗಿ ಆಗಲೇ ತಿಂಗಳುಗಳಾಗಿವೆಯಂತೆ... ಭಾನುವಾರ ಶ್ರೀರಾಂಪುರಕ್ಕೆ ಹೋದೆ. ಫೋಟೋಗೆ ಕೈಮುಗಿದು, ಆ ಬಾಂಡಿನ ಕಥೆ ಎತ್ತಿ, ಅವರಿಗೆ ಅನ್ಯಾಯವಾಯಿತು, ಆ ದುಡ್ಡು ಪೂರ್ತಿ ಬಂದ ದಿನ ಎಷ್ಟು ನೊಂದುಕೊಂಡರೋ ಪಾಪ ಅಂದೆ.

ತಂಗಿ ನನ್ನ ಮುಖವನ್ನೇ ನೋಡಿದರು. "ನೊಂದ್ಕೊಳ್ಳೋದಾ? ಅಕ್ಕ ಹರಕೆ ಹೊತ್ತಿದ್ಲು ಕಣ್ರೀ. ನಾನು ಹಾಕಿದ ಬೆಲೆ ಸುಳ್ಳಾಗ್ಲಿ, ಜನರ ದುಡ್ಡು ಪೂರ್ತಿ ಬರ್ಲಿ ಅಂತ. ಎರಡು ವರ್ಷ ಸೋಮವಾರ ಸೋಮವಾರ ಉಪವಾಸ, ಮಲ್ಲೇಶ್ವರದ ದೇವಸ್ಥಾನಕ್ಕೆ ನಡ್ಕೊಂಡೇ ಹೋಗೋಳು. ದುಡ್ಡು ಬಂದ ದಿನ ಈಡುಗಾಯಿ ಒಡೆದು ಬಂದು, ಮಗು ಥರ ಮಲಗಿ ನಿದ್ದೆ ಮಾಡಿದ್ಲು."

ನನಗೆ ಅಳು ತಡೆಯಲಾಗಲಿಲ್ಲ. ಈಗ ನಾನೂ ಇನ್ನೊಂದು ಬ್ಯಾಂಕಿನಲ್ಲಿ ಅದೇ ಕೆಲಸ ಮಾಡುತ್ತೇನೆ, ಮಾರ್ಚ್ ಬಂದರೆ ನನಗೂ ದಿಗಿಲು. ಹೇಗೆ ತಡಕೊಂಡಿರಿ ಅಂತ ಕೇಳೋಣ ಅಂದರೆ ಅವರಿಲ್ಲ. ದೇವರಿಗೆ ಹರಕೆ ಹೊರುವಷ್ಟು ಹೆದರಿದ್ದರಲ್ಲ ಮೇಡಂ... ಅಷ್ಟು ಹೆದರಿಕೆ ಇಟ್ಟುಕೊಂಡೂ ಆ ಎಪ್ಪತ್ತೆರಡನ್ನ ಎಪ್ಪತ್ತಮೂರು ಮಾಡಲಿಲ್ಲ.