ಶೇಖರಪ್ಪನ ನಾರಂಗಿ

ಲಂಡನ್ನಿನ ವೆಂಬ್ಲಿ ಕಡೆಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಶೇಖರಪ್ಪ ಇಪ್ಪತ್ತೆರಡು ವರ್ಷ ಊರವರ ರಕ್ತ ನೋಡಿದ. ಕನ್ನಡ ಸಂಘದಲ್ಲಿ ಡಾಕ್ಟರನಲ್ಲದ ಧಾರವಾಡದವನು ಅವನೊಬ್ಬನೇ. ಅವನ ಪಕ್ಕದ ಕುರ್ಚಿ ಖಾಲಿಯಿದ್ದರೂ ಜನ ತಟ್ಟೆ ಹಿಡಿದು ನಿಂತೇ ಉಣ್ಣುತ್ತಿದ್ದರು. ಎಂಥಾ ದೊಡ್ಡ ಮನುಷ್ಯರಪ್ಪಾ!

೧೯೯೧ರಲ್ಲಿ ಒಂದು ದಿನ ಈಲಿಂಗ್ ರಸ್ತೆಯ ಅಂಗಡಿಯೆದುರು ಸ್ಪೇನಿನ ಕಿತ್ತಳೆ ಪೆಟ್ಟಿಗೆ ಕಂಡ. ಮೇಲೆ ‘ನರಂಜಾ’ ಎಂದು ಅಚ್ಚಾಗಿತ್ತು. “ಅಲಲಾ, ಇದು ನಮ್ಮ ನಾರಂಗಿ ಅಲ್ಲೇನು!” ಎಂದು ಅಲ್ಲೇ ಕೂಗಿದ. ಅಲ್ಲಿಂದ ಹುಚ್ಚು ಹಿಡಿಯಿತು. ಇರಾಕಿನ ನರ್ಸನ್ನು ಕೇಳಿ ಅರಬಿಯ ನಾರಂಜ್, ಇರಾನಿನ ಟ್ಯಾಕ್ಸಿಯವನಿಂದ ಫಾರ್ಸಿಯ ನಾರಂಗ್, ತನ್ನ ನೆನಪಿನಿಂದ ಸಂಸ್ಕೃತದ ನಾರಂಗ, ಹೀಗೆ ಹೆಕ್ಕಿ ನೋಟ್‌ಬುಕ್ಕಿಗೆ ಇಳಿಸಿದ. ಎಲ್ಲದರ ತಾಯಿಬೇರು ನಮ್ಮ ದಕ್ಷಿಣದ್ದೇ ಇರಬೇಕೆಂದು ಬರೆದ. ಲೈಬ್ರರಿಗೆ ಮಾತ್ರ ಕಾಲಿಡಲಿಲ್ಲ. ಯಾರಿಗಾದರೂ ಹೇಳಿದರೆ ಕದ್ದಾರು ಎಂಬ ಭಯ, ಇದು ಇನ್ಯಾರಿಗೆ ಹೊಳೆದೀತು ಎಂಬ ಜಂಬ.

ಹನ್ನೆರಡು ವರ್ಷ ಕಳೆದ ಮೇಲೆ ಸಂಘದ ಅನಂತಮೂರ್ತಿಯವರು ದೀಪಾವಳಿ ಕಾರ್ಯಕ್ರಮದಲ್ಲಿ ಮಾತಾಡಲು ಹತ್ತು ನಿಮಿಷ ಕೊಟ್ಟರು. ಶೇಖರಪ್ಪ ಸೂಟು ಒಗೆಸಿದ.

“ಈ ಸಲ ನನ್ನನ್ನೂ ಒಬ್ಬ ಮನಷ್ಯಾ ಅಂತಾರ ನೋಡು,” ಎಂದು ಹೆಂಡತಿ ಚಂದ್ರವ್ವನಿಗೆ ಹೇಳಿದ.

“ಅನ್ಲಿ ಬಿಡ್ರಿ, ತಡಾ ಆದ್ರೂ,” ಎಂದಳು ಅವಳು.

ಖಂಡೇನವಮಿ ಬಂತು. ಚಂದ್ರವ್ವ ಆ ನೋಟ್‌ಬುಕ್ಕನ್ನೂ ಮಗಳು ಚಿನ್ಮಯಿಯ ಸ್ಪ್ಯಾನಿಷ್ ನಿಘಂಟನ್ನೂ ಒಟ್ಟಿಗೆ ಪೂಜೆಗಿಟ್ಟಳು. ನಿಘಂಟು ಚಾರಿಟಿ ಅಂಗಡಿಯಲ್ಲಿ ಅಗ್ಗಕ್ಕೆ ಕೊಂಡ ಹಳೇ ದಪ್ಪ ಪುಸ್ತಕ. ಪೂಜೆಗಿಟ್ಟದ್ದನ್ನು ಆ ದಿನ ತೆರೆಯುವಂತಿಲ್ಲ. ಮರುದಿನ ಬೆಳಿಗ್ಗೆ ತೆಗೆದು ಒಂದು ಸಾಲಾದರೂ ಓದಬೇಕು.

“ಅಪ್ಪಾ, ಜಸ್ಟ್ ಒನ್ ಲೈನ್, ಓಕೆ? ಐ ಆಮ್ ಲೇಟ್,” ಎಂದು ಚಿನ್ಮಯಿ ತನ್ನ ನಿಘಂಟನ್ನೇ ಅವನ ಕೈಗಿತ್ತಳು.

ಅವನು ಖುಷಿಯಿಂದ ತನ್ನ ಪ್ರೀತಿಯ ಮಾತನ್ನೇ ಹುಡುಕಿದ. ಸಿಕ್ಕಿತು. ಅರಬಿ, ಫಾರ್ಸಿ, ಸಂಸ್ಕೃತ, ಕೊನೆಗೆ ‘ಬಹುಶಃ ದ್ರಾವಿಡ ಮೂಲ’. ಒಂದೇ ಸಾಲು. ಮೊದಲ ಪುಟ ತಿರುವಿದ. ಅವನು ಹುಟ್ಟುವ ಮುಂಚೆ ಅಚ್ಚಾದ ಪುಸ್ತಕ.

ಅವನಿಗೆ ಅಳು ಬಂತು, ನಾಚಿಕೆಯೂ ಆಯಿತು. ಮಗಳು ಬಸ್ಸಿಗೆ ಓಡಿದ್ದಳು. ಚಂದ್ರವ್ವ ಏನಾತ್ರೀ ಎನ್ನುತ್ತಿರುವಾಗಲೇ ಫೋನೆತ್ತಿದ.

“ಅನಂತಮೂರ್ತಿಯವರ, ನನ್ನ ಮಾತು ಬ್ಯಾಡ್ರಿ. ತಗದ್ಬಿಡ್ರಿ.”

ಯಾಕೆ ಎಂದು ಕೇಳಿಯಾರು, ಕೇಳಿದರೆ ಎಲ್ಲ ಹೇಳಿಬಿಡೋಣ ಎಂದು ಅವನು ಕಾದ.

“ಅಯ್ಯೋ, ಬದುಕಿಸಿದ್ರಿ ಕಣ್ರೀ!” ಎಂದರು ಅವರು. “ಮಕ್ಕಳ ಡಾನ್ಸಿಗೆ ಟೈಮೇ ಸಾಲ್ತಿರ್ಲಿಲ್ಲ.”