ಸೋಮವಾರ ಡ್ಯೂಟಿಗೆ ಹೋಗುತ್ತಿದ್ದ ಡಿಸ್ಕ್

ಅಪ್ಪ ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದ. ಯಾವ ಗಾಡಿ ಯಾವ ಊರಿಗೆ ಹೊರಟಿತು ಎಂದು ಮೈಕಿನಲ್ಲಿ ಕೂಗುವುದು ಅವನ ಕೆಲಸ. ಬಸವಕಲ್ಯಾಣದ ಮನೆಗೆ ಬಂದರೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅವ್ವ ಏನೇ ಹೇಳಲಿ, ಏನೇ ಕೇಳಲಿ, ಅವನದು ಒಂದೇ ಉತ್ತರ: "ಹೂಂ." ಆ ಒಂದು ಅಕ್ಷರದ ಜೊತೆ ಅವಳು ಮೂವತ್ತು ವರ್ಷ ಸಂಸಾರ ಮಾಡಿದಳು.

ತೊಂಬತ್ತರ ದಶಕದ ಕೊನೆಗೆ ಅವನು ನಿವೃತ್ತನಾದ ದಿನ, ಜೊತೆಗಿನವರೊಬ್ಬರು ಅವನ ಕೂಗನ್ನು ಕ್ಯಾಸೆಟ್ಟಿಗೆ ಹಿಡಿದುಕೊಟ್ಟರು. ಒಟ್ಟು ನಾಲ್ಕು ನಿಮಿಷ. "ಬಸವಕಲ್ಯಾಣ, ನಾರಾಯಣಪುರ, ಹುಲಸೂರ ಗಾಡಿ ಹೊಂಟದ, ಲಗೂ ಹತ್ತರಿ!" ನಡುವೆ ನಿಲ್ದಾಣಕ್ಕೆ ನುಗ್ಗಿದ ಎಮ್ಮೆಗೊಂದಿಷ್ಟು ಬೈಗುಳ. ಕೊನೆಗೆ, ಮೈಕ್ ಬಂದ್ ಆಗಿದೆ ಎಂದುಕೊಂಡು ಪಕ್ಕದವರಿಗೆ ಹೇಳಿದ ಮಾತು: "ಚಾ ಬ್ಯಾಡ್ರಿ, ನಾ ಹೋಗತೀನಿ. ಮನ್ಯಾಗ ಆಕಿ ಉಣಲಾರದ ದಾರಿ ನೋಡಾಕತ್ತಿರ್ತಾಳ. ಆಕಿನ್ನ ಬಿಟ್ರ ನನಗ ಯಾರ ಅದಾರ?"

ಇಡೀ ನಿಲ್ದಾಣ ಕೇಳಿದ ಈ ಮಾತನ್ನು ಅವನು ಅವ್ವನಿಗೆ ಒಮ್ಮೆಯೂ ಹೇಳಿರಲಿಲ್ಲ. ಅವನು ತೀರಿಕೊಂಡ ಮೇಲೆ ಕ್ಯಾಸೆಟ್ ಹಾಕಿದಾಗಲೇ ಅವಳು ಅದನ್ನು ಮೊದಲ ಸಲ ಕೇಳಿದ್ದು. ಆಮೇಲೆ ಕೇಳುತ್ತಲೇ ಹೋದಳು.

ಕೆಲವು ವರ್ಷಗಳಲ್ಲಿ ಟೇಪು ಸವೆಯಿತು. ಹುಮನಾಬಾದಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದರು. ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದವರು, ಕಾಲ ಬದಲಾಯಿತೆಂದು ಕಂಪ್ಯೂಟರಿಗೆ ಕೈ ಹಚ್ಚಿದ್ದರು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗ ಖಾಲಿ ಮಾಡಿ, ಅಲ್ಲಿ ಎರಡನೆಯ ಹಾರ್ಡ್ ಡಿಸ್ಕ್ ಕೂರಿಸಿ, ಅಪ್ಪನ ದನಿಯನ್ನು ಅದಕ್ಕೆ ಇಳಿಸಿದರು. "ಮೊದಲನೇದು ಯಾವಾಗ ಕೈ ಕೊಡತದೋ ಗೊತ್ತಿಲ್ರಿ ಸರ. ಅಪ್ಪಾರು ಇಲ್ಲಿ ಸೇಫ್ ಇರ್ತಾರ" ಎಂದು ಲ್ಯಾಪ್‌ಟಾಪಿನ ಬಲಮಗ್ಗುಲು ತಟ್ಟಿ ತೋರಿಸಿದರು. ಪಕ್ಕದಲ್ಲಿದ್ದ ಅವ್ವ ಆ ಜಾಗವನ್ನು ಸರಿಯಾಗಿ ನೋಡಿಕೊಂಡಳು. ದನಿ ಇಳಿಸಿದ್ದೇ ಕೊನೆ, ಟೇಪು ಅಂಗಡಿಯ ಟೇಪ್ ರೆಕಾರ್ಡರಿನಲ್ಲೇ ತುಂಡಾಯಿತು.

ಒಂದು ತಿಂಗಳು ಸುಖವಾಗಿ ಕಳೆಯಿತು. ಆಮೇಲೆ ಎರಡನೆಯ ಡಿಸ್ಕ್ ಇದ್ದಕ್ಕಿದ್ದಂತೆ ಮಾಯವಾಗತೊಡಗಿತು. ಅಪ್ಪ ಎಮ್ಮೆಗೆ ಬೈಯುವ ಹೊತ್ತಿಗೆ ದನಿ ನಿಲ್ಲುತ್ತಿತ್ತು, ಪರದೆಯ ಮೇಲೆ ಡಿಸ್ಕಿನ ಸುಳಿವೇ ಇರುತ್ತಿರಲಿಲ್ಲ. ಬಂದ್ ಮಾಡಿ ಚಾಲೂ ಮಾಡಿದರೆ ಹುಲಸೂರ ತನಕ ಕೂಗಿ ಮತ್ತೆ ಹೋಗುತ್ತಿತ್ತು. ಕೊನೆಯ ಮಾತಿಗೆ ಸೆರಗು ಸರಿಮಾಡಿಕೊಂಡು ಕೂತಿದ್ದ ಅವ್ವನ ಮುಖ ನೋಡಲು ನನಗೆ ಧೈರ್ಯವಾಗುತ್ತಿರಲಿಲ್ಲ.

ಭಾನುವಾರ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಬಸ್ ಹತ್ತಿ ಹುಮನಾಬಾದಿಗೆ ಹೋದೆ. ಅಂಗಡಿಯಲ್ಲಿ ಹಚ್ಚಿದರೆ ಅಪ್ಪ ನಾಲ್ಕು ನಿಮಿಷವೂ ತಡೆಯಿಲ್ಲದೆ ಮಾತಾಡಿದ. "ಏನಾಗ್ಯದ್ರಿ ಇದಕ್ಕ? ಚಲೋ ನಡೆದದಲ್ರಿ" ಎಂದರು ಮೆಕ್ಯಾನಿಕ್. ನಾನು ಪೆಚ್ಚಾಗಿ ಲ್ಯಾಪ್‌ಟಾಪ್ ಮಡಚಿಕೊಂಡೆ. ಮನೆಗೆ ತಂದ ದಿನವೂ ಸರಿ. ಸೋಮವಾರ ಕಳೆಯಿತೋ, ಮತ್ತೆ ಮಾಯ.

ಹೀಗೆ ಐದು ಭಾನುವಾರ ಹೋಗಿಬಂದೆ. ಅವರು ಸ್ಕ್ರೂ ಬದಲಿಸಿದರು, ಕಡ್ಡಿಪೆಟ್ಟಿಗೆಯ ರಟ್ಟು ಮಡಚಿ ಸಂದಿಗೆ ಒತ್ತು ಕೊಟ್ಟರು, ಬಸವಕಲ್ಯಾಣದ ಕರೆಂಟನ್ನೇ ಬೈದರು. ಡಿಸ್ಕ್ ಹುಮನಾಬಾದಿನಲ್ಲಿ ಹಾಜರು, ಮನೆಯಲ್ಲಿ ಗೈರುಹಾಜರು.

ಅವ್ವನಿಗೆ ಮಾತ್ರ ಇದರಲ್ಲಿ ಯಾವ ಗೊಂದಲವೂ ಇರಲಿಲ್ಲ. "ಅವ್ರಿಗಿ ಡ್ಯೂಟಿ ಅದ. ಸೋಮವಾರ ಬಂತಂದ್ರ ಹುಮನಾಬಾದಿಗೆ ಹೋಗವ್ರೇ. ಜಲ್ಮ ಪೂರಾ ಹೋಗ್ಯಾರ, ಈಗ ಬಿಡತಾರೇನು?"

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಮೊದಲು ನಕ್ಕೆ. ನಾಲ್ಕನೆಯ ವಾರ, ಬಸ್ಸಿನಲ್ಲಿ ಕಂಡಕ್ಟರ್ "ಎಷ್ಟ್ ಮಂದಿ?" ಎಂದಾಗ "ಇಬ್ಬರು" ಎಂದುಬಿಟ್ಟೆ. ಆ ಎರಡನೆಯ ಟಿಕೆಟ್ಟನ್ನು ವಾಪಸು ಕೊಡಲೂ ಇಲ್ಲ.

ಆರನೆಯ ಸಲ ಹೊರಟದ್ದು ಮಂಗಳವಾರ, ಶಾಲೆಗೆ ರಜೆ ಇತ್ತು. ಅವ್ವ ತಾನೂ ಬರುತ್ತೇನೆಂದು ಹಟ ಹಿಡಿದಳೆಂದು ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಹೋದೆವು. ಅಂಗಡಿಯಲ್ಲಿ ಹಚ್ಚಿದೆವು. ಎಮ್ಮೆಯ ಹತ್ತಿರ ಅಪ್ಪನ ದನಿ ನಿಂತಿತು. ಡಾಕ್ಟರರ ಮುಂದೆಯೇ ಮಗುವಿಗೆ ಕೆಮ್ಮು ಬಂದಂತೆ ನನಗೆ ಹಿಗ್ಗೋ ಹಿಗ್ಗು. "ನೋಡ್ರಿ! ಹೋತು ನೋಡ್ರಿ!" ಎಂದು ಕುಣಿದೆ.

ಕೂರಿಸಿದ ಮೇಲೆ ಮೊದಲ ಸಲ ಮೆಕ್ಯಾನಿಕ್ ಡಿಸ್ಕನ್ನು ಅದು ಕೂತಿದ್ದ ತಟ್ಟೆಯ ಸಮೇತ ಹೊರಗೆಳೆದರು. ಕೆಳಗೆ ಹಾಸಿದ್ದ ಪೇಪರಿನ ಮೇಲೆ ಬಿಳಿ ಪುಡಿ ಉದುರಿತು. ಬೆರಳಿಗೆ ಹಚ್ಚಿ ತಿಕ್ಕಿದರು, ಮೂಸಿದರು. "ಸರ, ಇದು ವಿಭೂತಿ ಅದಲ್ರಿ?"

"ಹೌದು ತಮ್ಮಾ" ಎಂದಳು ಅವ್ವ, ಅದರಲ್ಲಿ ಆಶ್ಚರ್ಯವೇನು ಎಂಬಂತೆ. "ಸೋಮವಾರ ಪೂಜಿ ಆದಮ್ಯಾಲ ಅವ್ರ ಫೋಟೋಕ್ಕ ಹಚ್ಚತೀನಿ, ಇಲ್ಲೀನೂ ಹಚ್ಚತೀನಿ. ಇಲ್ಲೇ ಅದಾರಂತ ನೀನೇ ತೋರಿಸಿದ್ದಿಯಲ್ಲ? ದನಿ ಬರವಲ್ದಂತ ಮತ್ತ ದಪ್ಪಗ ಹಚ್ಚೀನಿ."

ಆಗ ಗಂಟೆಲ್ಲ ಬಿಚ್ಚಿಕೊಂಡಿತು. ಒದ್ದೆ ಬೆರಳಲ್ಲಿ ಎಳೆದ ವಿಭೂತಿ ಒಣಗಿ, ಸಂದಿಯೊಳಗೆ ಉದುರಿ, ಡಿಸ್ಕಿನ ಪಿನ್ನುಗಳ ನಡುವೆ ಕೂರುತ್ತಿತ್ತು. ಬಸ್ಸಿನ ಕುಲುಕಾಟಕ್ಕೆ ಪುಡಿ ಅತ್ತಿತ್ತ ಸರಿದು ಹುಮನಾಬಾದಿನಲ್ಲಿ ಡಿಸ್ಕ್ ಹತ್ತುತ್ತಿತ್ತು. ಕಾರಿನಲ್ಲಿ ಕುಲುಕಾಟವಿರಲಿಲ್ಲ. ಪ್ರತಿ ಸೋಮವಾರ ಫ್ರಿಜ್ಜಿನ ಮೇಲೆ, ಸ್ಕೂಟರಿನ ಮೇಲೆ, ಲ್ಯಾಪ್‌ಟಾಪಿನ ಮಗ್ಗುಲಲ್ಲಿ ಆ ಮೂರು ಪಟ್ಟಿ ನೋಡುತ್ತಲೇ ಇದ್ದೆ ನಾನು, ವಿಜ್ಞಾನದ ಮಾಸ್ತರ!

ಮೆಕ್ಯಾನಿಕ್ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ಅವ್ವ ನಗಲಿಲ್ಲ.

"ಇದ್ದಾಗ ಮಾತಾಡವಲ್ರಂತ ಬೈತಿದ್ದೆ" ಎಂದಳು. "ಈಗ ಮಾತಾಡಾಕ ಕುಂತ್ರ ನಾನೇ ಅವ್ರ ಬಾಯಿ ಮುಚ್ಚೀನಿ."

ನಮ್ಮ ನಗು ಅಲ್ಲೇ ನಿಂತಿತು. ನನಗೆ ಅಳು ಬಂತು. ಮೆಕ್ಯಾನಿಕ್ ಪಿನ್ನುಗಳನ್ನು ಬ್ರಷ್ಷಿನಿಂದ ಒರೆಸಿ, ದನಿಯನ್ನು ಮೊದಲ ಡಿಸ್ಕಿಗೂ ಒಂದು ಸಿಡಿಗೂ ಹಾಕಿಕೊಟ್ಟರು. ಇಷ್ಟು ಸುಲಭದ ಕೆಲಸ ಐದು ವಾರ ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ.

ಮುಂದಿನ ಸೋಮವಾರ ಅವ್ವ ಪೂಜೆ ಮುಗಿಸಿ ಫೋಟೋಕ್ಕೆ ವಿಭೂತಿ ಹಚ್ಚಿದಳು. ಅದೇ ಒದ್ದೆ ಬೆರಳುಗಳನ್ನು ಹಿಡಿದು ಲ್ಯಾಪ್‌ಟಾಪಿನ ಮುಂದೆ ನಿಂತಳು. ಅವಳು ಕೈ ಹಿಂದೆ ತೆಗೆದು, ಬೆರಳುಗಳನ್ನು ನನ್ನ ಹಣೆಗೆ ಎಳೆದು, "ಹಚ್ಚು ಅವ್ರದು" ಎಂದಳು.

ಅಪ್ಪ ಊರುಗಳನ್ನು ಕೂಗಿದ. ಎಮ್ಮೆಗೆ ಬೈದ. ಚಹಾ ಬೇಡವೆಂದ. ಆಕೆಯನ್ನು ಬಿಟ್ಟರೆ ತನಗೆ ಯಾರಿದ್ದಾರೆ ಎಂದು ಕೇಳಿದ.

ಅವ್ವ "ಹೂಂ" ಎಂದು ರೊಟ್ಟಿ ಬಡಿಯಲು ಒಳಗೆ ಹೋದಳು.